ಗಣಿ ನೀರಿನ ಮಾಡೆಲ್ ಮೆಂಬ್ರೇನ್ ಹತ್ತಿರ ನಿಲ್ಲಬಾರದು

ಗಣಿ ನೀರಿಗೆ ಆರ್‌ಒ ಪ್ಲಾಂಟ್ ಹಾಕಿಸಬೇಕು ಅಂತ ಬರುವವರು ಕೂತ ತಕ್ಷಣ ಕೇಳುವುದು ಒಂದೇ ಮಾತು: "ರಿಕವರಿ ಎಷ್ಟು ಬರುತ್ತೆ ಮೇಡಂ?" ನೂರು ಲೀಟರ್ ಒಳಗೆ ಬಿಟ್ಟರೆ ಎಷ್ಟು ಲೀಟರ್ ಒಳ್ಳೆಯ ನೀರು ಕೈಗೆ ಸಿಗುತ್ತೆ ಅಂತ. ನಾವು 75 ಅಂದರೆ ಇನ್ನೊಬ್ಬರು 85 ಅಂತಾರೆ, ಆರ್ಡರ್ ಅವರಿಗೆ ಹೋಗುತ್ತದೆ. ಮಿಕ್ಕ ಹದಿನೈದು ಲೀಟರ್ ಎಲ್ಲಿಗೆ ಹೋಗುತ್ತೆ, ಅದರಲ್ಲಿ ಏನೇನಿರುತ್ತೆ, ಗಣಿ ಮುಚ್ಚಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಅಂತ ಕೇಳುವವರು ತೀರಾ ಕಡಿಮೆ. ಈ ಬರಹ ಆ ಹದಿನೈದು ಲೀಟರ್ ಬಗ್ಗೆ.

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಸಣ್ಣ ಸಂಸ್ಥೆಯಲ್ಲಿ. ಕೆಳಗೆ ವರ್ಕ್‌ಶಾಪ್, ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್‌ಗಳು. ಕಾರ್ಖಾನೆಗಳ ಕೊಳೆನೀರು, ಬೋರ್‌ವೆಲ್ ನೀರು, ಇತ್ತೀಚಿನ ವರ್ಷಗಳಲ್ಲಿ ಗಣಿಗಳಿಂದ ಪಂಪ್ ಮಾಡಿ ಹೊರಹಾಕುವ ನೀರು, ಇವುಗಳನ್ನು ಮೆಂಬ್ರೇನ್, ಅಂದರೆ ಉಪ್ಪು ತಡೆಯುವ ತೆಳು ಪೊರೆಯ ಮೂಲಕ ಹಾಯಿಸಿದರೆ ಏನಾಗುತ್ತೆ ಅಂತ ಪ್ಲಾಂಟ್ ಕಟ್ಟುವ ಮೊದಲೇ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಆ ಲೆಕ್ಕವನ್ನೇ ನಾವು ಮಾಡೆಲ್ ಅನ್ನುವುದು. ಈ ಕೆಲಸ ನನಗೆ ಬಹಳ ಇಷ್ಟ. ನೀರಿನ ಒಂದು ಲ್ಯಾಬ್ ವರದಿ ಹಿಡಿದು ಕೂತರೆ ಆ ನೀರು ಯಾವ ಕಲ್ಲಿನ ನಡುವೆ ಹರಿದು ಬಂತು ಅನ್ನುವುದರಿಂದ ಹಿಡಿದು ಐದು ವರ್ಷದ ಮೇಲೆ ಯಾವ ಪೈಪ್ ಕಟ್ಟಿಕೊಳ್ಳುತ್ತೆ ಅನ್ನುವವರೆಗೆ ಕಾಣಿಸತೊಡಗುತ್ತದೆ.

ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗ ಸಂಡೂರಿನವನು. ಅವನು ಬಂದ ಹೊಸದರಲ್ಲಿ ಕೇಳಿದ, "ಮೇಡಂ, ನಮ್ಮೂರ ಹಳ್ಳದಾಗ ಮಳಿಗಾಲದಾಗ ಕೆಂಪ ನೀರು ಬರ್ತದಲ್ರೀ, ಅದೂ ಆಸಿಡ್ ನೀರೇನ್ರೀ?" ಅಲ್ಲಪ್ಪ, ಅದು ಬೇರೆ ಅಂದೆ. ಸಂಡೂರಿನ ಅದಿರು ಹೆಮಟೈಟ್, ಅಂದರೆ ಆಗಲೇ ಆಮ್ಲಜನಕ ಕುಡಿದು ಮುಗಿಸಿದ ಕಬ್ಬಿಣ. ಅಲ್ಲಿನ ಕೆಂಪು ಬಹುಪಾಲು ಧೂಳು ಮತ್ತು ಹೂಳು. ಅದನ್ನು ತಡೆಯಲು ಚೆಕ್ ಡ್ಯಾಂ ಬೇಕು, ತಿಳಿಯಾಗುವ ಕೊಳ ಬೇಕು, ಮೆಂಬ್ರೇನ್ ಬೇಕಿಲ್ಲ. ನಮ್ಮ ಕೆಲಸಕ್ಕೆ ಬರುವ ನೀರು ಗಂಧಕ ಇರುವ ಕಲ್ಲಿನದು. ತಾಮ್ರ, ಸತು, ಕೆಲವು ಕಡೆ ಕಲ್ಲಿದ್ದಲು ಮತ್ತು ಚಿನ್ನದ ಜೊತೆ ಪೈರೈಟ್ ಇರುತ್ತದೆ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೆಲದೊಳಗೆ ಗಾಳಿ ತಾಕದೆ ಕೋಟ್ಯಂತರ ವರ್ಷ ಸುಮ್ಮನಿದ್ದದ್ದು ಅಗೆದು ಹೊರಗೆ ಹಾಕಿದಾಗ ಗಾಳಿ, ನೀರು ಎರಡೂ ಸಿಕ್ಕಿ ಗಂಧಕಾಮ್ಲವಾಗುತ್ತದೆ. ಹುಳಿ ಹೆಚ್ಚಾದಂತೆ ಕೆಲವು ಬ್ಯಾಕ್ಟೀರಿಯಾಗಳು ಕರಗಿದ ಕಬ್ಬಿಣವನ್ನು ಇನ್ನಷ್ಟು ಆಕ್ಸಿಡೀಕರಿಸುತ್ತವೆ, ಆ ಕಬ್ಬಿಣ ತಿರುಗಿ ಪೈರೈಟ್ ಮೇಲೆಯೇ ಎರಗುತ್ತದೆ. ಒಮ್ಮೆ ಶುರುವಾಯಿತೆಂದರೆ ತನ್ನಿಂದ ತಾನೇ ನಡೆಯುವ ಕ್ರಿಯೆ ಇದು. ಹುಳಿ ನೀರು ಬಂಡೆಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಮ್ಯಾಂಗನೀಸ್, ಅಲ್ಯುಮಿನಿಯಂ ಎಲ್ಲವನ್ನೂ ಕರಗಿಸಿಕೊಂಡು ಬರುತ್ತದೆ.

ಇದು ದೂರದ ಕಥೆಯಲ್ಲ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇಲಿಬಿಲದಂಥ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಆ ಗಣಿಗಳ ಹುಳಿ ನೀರು ಕೆಳಗಿನ ಕೋಪಿಲಿ ಜಲವಿದ್ಯುತ್ ಯೋಜನೆಯ ಯಂತ್ರಭಾಗಗಳನ್ನೇ ತಿಂದುಹಾಕಿದೆ. ನಮ್ಮ ರಾಜ್ಯದಲ್ಲಿ ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತೆಗೆಯುತ್ತಿದ್ದ ತಾಮ್ರದ ಅದಿರೂ ಗಂಧಕದ ಅದಿರೇ.

ಸುಣ್ಣ ಹಾಕಿದರೆ ಹುಳಿ ಹೋಗುತ್ತದೆ, ಕಬ್ಬಿಣ ಕೆಸರಾಗಿ ಕೆಳಗಿಳಿಯುತ್ತದೆ. ಹೋಗದೆ ಉಳಿಯುವುದು ಆ ಗಂಧಕಾಮ್ಲದಿಂದ ಬಂದ ಸಲ್ಫೇಟ್. ಅದಕ್ಕೇ ಮೆಂಬ್ರೇನ್ ಬೇಕಾಗುವುದು.

ಮೆಂಬ್ರೇನ್ ಅಂದರೆ ನಮ್ಮ ಮನೆಯ ಆರ್‌ಒ ಫಿಲ್ಟರ್‌ನಲ್ಲಿ ಸುರುಳಿ ಸುತ್ತಿಟ್ಟಿರುವ ಅದೇ ಹಾಳೆ. ಈ ವಿದ್ಯೆಗೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರು ಭಾರತದಿಂದ ಅಮೆರಿಕಕ್ಕೆ ಹೋದ ಶ್ರೀನಿವಾಸ ಸೌರಿರಾಜನ್. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಜೊತೆ ಸೇರಿ ಅವರು ಮಾಡಿದ ಸೆಲ್ಯುಲೋಸ್ ಅಸಿಟೇಟ್ ಪೊರೆಯಿಂದಲೇ ಆರ್‌ಒ ಕಾಗದದ ಮೇಲಿಂದ ಇಳಿದು ಪ್ಲಾಂಟ್ ಆಯಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಯಲಿಂಗಾ ಊರಿನಲ್ಲಿ ಮೊದಲ ಪ್ಲಾಂಟ್ ನಡೆಯಿತು. ನಮ್ಮ ಕಾಲೇಜು ಪುಸ್ತಕಗಳಲ್ಲಿ ಈ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಅದು ನನಗೆ ಬೇಸರದ ವಿಷಯ. ಈಗ ಬಳಕೆಯಲ್ಲಿರುವುದು ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ಕಿನ ಪೊರೆ. ನಿಜವಾಗಿ ಉಪ್ಪು ತಡೆಯುವ ಪದರದ ದಪ್ಪ ನೂರಿನ್ನೂರು ನ್ಯಾನೋಮೀಟರ್ ಮಾತ್ರ, ಅದರ ಕೆಳಗಿನದ್ದೆಲ್ಲ ಅದಕ್ಕೆ ಆಸರೆ.

ಈ ಪದರದ ಲೆಕ್ಕ ತಳಮಟ್ಟದಲ್ಲಿ ಸರಳವೇ. ನಾವು ಹಾಕುವ ಒತ್ತಡದಲ್ಲಿ ನೀರಿನ ಆಸ್ಮಾಟಿಕ್ ಒತ್ತಡವನ್ನು, ಅಂದರೆ ಉಪ್ಪು ನೀರನ್ನು ತನ್ನ ಕಡೆಗೇ ಎಳೆದುಕೊಳ್ಳುವ ಬಲವನ್ನು, ಕಳೆದರೆ ಎಷ್ಟು ಮಿಗುತ್ತದೋ ಅದಕ್ಕೆ ತಕ್ಕಷ್ಟು ನೀರು ದಾಟುತ್ತದೆ. ಉಪ್ಪು ಮಾತ್ರ ಒತ್ತಡ ನೋಡಿ ದಾಟುವುದಿಲ್ಲ, ಎರಡು ಬದಿಯ ಸಾಂದ್ರತೆಯ ವ್ಯತ್ಯಾಸ ನೋಡಿ ದಾಟುತ್ತದೆ. ನೀರಿಗೊಂದು ಗುಣಾಂಕ, ಉಪ್ಪಿಗೊಂದು ಗುಣಾಂಕ. 1965ರಲ್ಲಿ ಲಾನ್ಸ್‌ಡೇಲ್, ಮರ್ಟನ್, ರೈಲಿ ಎಂಬ ಮೂವರು ಬರೆದ ಈ ಲೆಕ್ಕವನ್ನು ಇವತ್ತಿಗೂ ಬಹುಪಾಲು ತಂತ್ರಾಂಶಗಳು ನೆಚ್ಚಿಕೊಂಡಿವೆ. ಹೊಸಬರಿಗೆ ನಾನು ಹೇಳುವುದು, ಇದನ್ನು ಮೊದಲು ಕೈಯಲ್ಲಿ ಬರೆದು ನೋಡಿ, ಆಮೇಲೆ ಸ್ಪ್ರೆಡ್‌ಶೀಟ್, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ.

ತೊಡಕು ಪದರದ ಒಳಗಿಲ್ಲ, ಅದರ ಮೈಗೆ ಹತ್ತಿಕೊಂಡ ನೀರಿನಲ್ಲಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದ ಗೇಟ್ ಮುಂದೆ ನಿಂತು ನೋಡಿದವರಿಗೆ ಇದು ಗೊತ್ತು: ಹಿಂದಿನಿಂದ ಜನ ಬರುತ್ತಲೇ ಇರುತ್ತಾರೆ, ಕಾರ್ಡ್ ಇದ್ದವರು ದಾಟುತ್ತಾರೆ, ಇಲ್ಲದವರು ಗೇಟಿನ ಹತ್ತಿರವೇ ಗುಂಪಾಗುತ್ತಾರೆ. ಸಭಾಂಗಣದ ನಡುವೆ ಇರುವುದಕ್ಕಿಂತ ಗೇಟಿನ ಬಳಿ ಜನ ದಟ್ಟ. ನೀರು ದಾಟಿ ಹೋದಂತೆ ತಡೆಯಲ್ಪಟ್ಟ ಉಪ್ಪು ಪೊರೆಯ ಮೈಮೇಲೆ ಹಾಗೇ ಗುಂಪಾಗುತ್ತದೆ. ಅಡ್ಡವಾಗಿ ಹರಿಯುವ ನೀರು ಅದನ್ನು ಚದುರಿಸಿ ಹಿಂದಕ್ಕೆ ಒಯ್ಯಬೇಕು. ಪೈಪಿನ ನಡುವಿನ ನೀರನ್ನು ನೋಡಿ ಮಾಡಿದ ಲೆಕ್ಕ ಎಷ್ಟೇ ಸರಿಯಿದ್ದರೂ ಪೊರೆಯ ಮೇಲೆ ಉಪ್ಪು ಅದಕ್ಕಿಂತ ಹತ್ತಿಪ್ಪತ್ತು ಶೇಕಡ ಹೆಚ್ಚಿರುತ್ತದೆ. ಕಟ್ಟಿಕೊಳ್ಳುವುದು ಅಲ್ಲೇ.

ಈಗ ಒಂದು ನೀರನ್ನು ತೆಗೆದುಕೊಳ್ಳೋಣ. ಗ್ರಾಹಕರ ವರದಿಯನ್ನು ಇಲ್ಲಿ ಹಾಕುವಂತಿಲ್ಲ, ಆದ್ದರಿಂದ ಅಂಥದ್ದೇ ಗುಣದ ನೀರನ್ನು ಉದಾಹರಣೆಗೆ ಕಟ್ಟಿಕೊಂಡಿದ್ದೇನೆ. ಸುಣ್ಣ ಹಾಕಿ, ಕಬ್ಬಿಣ ಇಳಿಸಿದ ಮೇಲಿನ ನೀರು. ಲೀಟರಿಗೆ ಕ್ಯಾಲ್ಸಿಯಂ 480 ಮಿಲಿಗ್ರಾಂ, ಮೆಗ್ನೀಸಿಯಂ 190, ಸೋಡಿಯಂ 120, ಪೊಟ್ಯಾಸಿಯಂ 15, ಸಲ್ಫೇಟ್ 2000, ಕ್ಲೋರೈಡ್ 60, ಬೈಕಾರ್ಬನೇಟ್ 110. ಒಟ್ಟು ಕರಗಿದ ಲವಣ ಹತ್ತಿರ ಹತ್ತಿರ 3000. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಸಲ್ಫೇಟ್ 200 ಇರಬೇಕು, ಬೇರೆ ನೀರೇ ಇಲ್ಲದ ಕಡೆ 400ರವರೆಗೆ ನಡೆಯುತ್ತದೆ. ಇದು ಆ 400ರ ಐದು ಪಟ್ಟು.

ಮಾಡೆಲ್‌ಗೆ ಅಂಕಿ ತುಂಬುವ ಮೊದಲು ನಾವು ಮಾಡುವ ಒಂದು ಕೆಲಸವಿದೆ, ಅದನ್ನು ಬಿಟ್ಟರೆ ಮುಂದಿನದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ನೀರಿನಲ್ಲಿ ಕರಗಿದ ಉಪ್ಪು ವಿದ್ಯುದಾವೇಶವಿರುವ ಕಣಗಳಾಗಿ, ಅಂದರೆ ಅಯಾನುಗಳಾಗಿ ಒಡೆದಿರುತ್ತದೆ. ಧನ ಅಯಾನುಗಳನ್ನೆಲ್ಲ ಒಂದು ಕಡೆ, ಋಣ ಅಯಾನುಗಳನ್ನೆಲ್ಲ ಇನ್ನೊಂದು ಕಡೆ ಕೂಡಿಸಿ ನೋಡುವುದು. ತೂಕದಲ್ಲಿ ಅಲ್ಲ, ವಿದ್ಯುದಾವೇಶದಲ್ಲಿ. ಕ್ಯಾಲ್ಸಿಯಂ 480ನ್ನು ಅದರ ಒಂದು ಆವೇಶದ ಪಾಲಿಗೆ ಬರುವ ತೂಕ 20.04ರಿಂದ ಭಾಗಿಸಿದರೆ 23.95. ಮೆಗ್ನೀಸಿಯಂ 15.6, ಸೋಡಿಯಂ 5.2, ಪೊಟ್ಯಾಸಿಯಂ 0.4. ಒಟ್ಟು 45.2. ಆ ಕಡೆ ಸಲ್ಫೇಟ್ 41.6, ಕ್ಲೋರೈಡ್ 1.7, ಬೈಕಾರ್ಬನೇಟ್ 1.8. ಒಟ್ಟು 45.1. ಎರಡೂ ಸಮ, ಈ ವರದಿಯನ್ನು ನಂಬಬಹುದು.

ಇಂಥ ನೀರಿಗೇ ಒಂದು ಲ್ಯಾಬ್‌ನಿಂದ ಸಲ್ಫೇಟ್ 1400 ಅಂತ ಬಂದಿತ್ತು. ಸಂಡೂರಿನ ಹುಡುಗ ಕೂಡಿಸಿ ನೋಡಿ ಋಣದ ಕಡೆ 32.6 ಮಾತ್ರ ಬರ್ತಿದೆ, ಏನೋ ಕಾಣೆಯಾಗಿದೆ ಅಂದ. ಯಾವುದೋ ಅಯಾನು ಅಳೆಯುವುದನ್ನೇ ಬಿಟ್ಟಿದ್ದಾರೆ ಅಂತ ಅವನ ಅನುಮಾನ. ನಾನು ಲ್ಯಾಬ್‌ಗೆ ಫೋನ್ ಮಾಡಿ ಸಲ್ಫೇಟ್ ಯಾವ ವಿಧಾನದಲ್ಲಿ ನೋಡಿದಿರಿ ಅಂದೆ. ಬೇರಿಯಂ ಕ್ಲೋರೈಡ್ ಹಾಕಿ ಕದಡು ಅಳೆಯುವ ವಿಧಾನ. ಅದು ಲೀಟರಿಗೆ 40 ಮಿಲಿಗ್ರಾಂ ಒಳಗೆ ಮಾತ್ರ ಸರಿಯಾಗಿ ನಡೆಯುವ ವಿಧಾನ, ಗಣಿ ನೀರಾದರೆ ಶುದ್ಧ ನೀರು ಬೆರೆಸಿ ಐವತ್ತು ಪಟ್ಟಿಗಿಂತ ಹೆಚ್ಚು ತೆಳು ಮಾಡಿಕೊಂಡು ಅಳೆಯಬೇಕು. ಅವರು ಬೋರ್‌ವೆಲ್ ನೀರಿಗೆ ಮಾಡುವಷ್ಟೇ ತೆಳು ಮಾಡಿದ್ದರು. ಮತ್ತೆ ಅಳೆಸಿದಾಗ 2000 ಆಸುಪಾಸು ಬಂತು. ಆ 1400ನ್ನೇ ನಂಬಿ ಓಡಿಸಿದ್ದರೆ ಮಾಡೆಲ್ ಚಂದದ ಗ್ರಾಫ್ ಕೊಡುತ್ತಿತ್ತು, ಎಲ್ಲೂ ತಪ್ಪು ಅಂತ ಕೂಗುತ್ತಿರಲಿಲ್ಲ. ಕಾಣೆಯಾದ ಋಣಾವೇಶವನ್ನು ತಾನೇ ಕ್ಲೋರೈಡ್ ತುಂಬಿ ಸರಿದೂಗಿಸುವ ಗುಂಡಿ ಬಹಳ ತಂತ್ರಾಂಶಗಳಲ್ಲಿ ಇದೆ. ಗಣಿ ನೀರಿಗೆ ಅದನ್ನು ಒತ್ತುವುದೆಂದರೆ ಕಟ್ಟಿಕೊಳ್ಳುವ ಉಪ್ಪನ್ನು ಅಳಿಸಿ ಕಟ್ಟಿಕೊಳ್ಳದ ಉಪ್ಪನ್ನು ಬರೆದಂತೆ.

ಇನ್ನು ಆ ನೀರಿನ ಸ್ವಭಾವ ನೋಡಿ. ಅದರ ಆಸ್ಮಾಟಿಕ್ ಒತ್ತಡ ಒಂದು ಬಾರ್ ಆಸುಪಾಸು. ಸಮುದ್ರದ ನೀರಿಗೆ 27 ಬಾರ್. ಹಾಗಾಗಿ ಗಣಿ ನೀರನ್ನು ಪೊರೆ ದಾಟಿಸಲು ದೊಡ್ಡ ಪಂಪ್ ಬೇಡ, ಕರೆಂಟ್ ಬಿಲ್ ಹೆದರಿಸುವುದಿಲ್ಲ. ಬರೀ ಒತ್ತಡದ ಲೆಕ್ಕ ನೋಡಿದವರು 90 ಶೇಕಡ ರಿಕವರಿ ಯಾಕಾಗಬಾರದು ಅಂತ ಕೇಳುವುದು ಇದಕ್ಕೇ.

ತಡೆಯುವುದು ಜಿಪ್ಸಂ. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಹರಳಾಗುವ ಉಪ್ಪು, ಒಂದು ಲೀಟರ್ ನೀರಿನಲ್ಲಿ ಎರಡರಿಂದ ಎರಡೂವರೆ ಗ್ರಾಂ ಮಾತ್ರ ಕರಗುತ್ತದೆ. ಇನ್ನು ಕರಗದು ಅನ್ನುವ ಹಂತಕ್ಕೆ 100 ಶೇಕಡ ಅಂತ ಹೆಸರಿಟ್ಟುಕೊಳ್ಳಿ. ಉಪ್ಪುಗಳು ಒಂದರ ಮೇಲೊಂದು ಬೀರುವ ಪ್ರಭಾವವನ್ನು ಲೆಕ್ಕ ಹಾಕುವ ಡೇವಿಸ್ ಸೂತ್ರ ಹಿಡಿದು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಸಲ್ಫೇಟ್ ಜೊತೆ ಜೋಡಿಯಾಗುವುದನ್ನು ಲೆಕ್ಕಕ್ಕೆ ಹಿಡಿದರೆ, ನಮ್ಮ ಉದಾಹರಣೆಯ ನೀರು ಒಳಗೆ ಬರುವಾಗಲೇ ಸುಮಾರು 80 ಶೇಕಡದಲ್ಲಿದೆ. ಅರ್ಧ ನೀರು ತೆಗೆದರೆ ಉಳಿದದ್ದು ಎರಡು ಪಟ್ಟು ಗಟ್ಟಿ, ಜಿಪ್ಸಂ ಸುಮಾರು 190 ಶೇಕಡ. ಮುಕ್ಕಾಲು ತೆಗೆದರೆ ನಾಲ್ಕು ಪಟ್ಟು ಗಟ್ಟಿ, ಜಿಪ್ಸಂ 400 ಶೇಕಡ ದಾಟುತ್ತದೆ. 85 ತೆಗೆದರೆ ಆರೂಮುಕ್ಕಾಲು ಪಟ್ಟಿನ ಹತ್ತಿರ. ಪೊರೆಯ ಮೈಮೇಲಿನ ಗುಂಪು ಇನ್ನೂ ಸೇರಿಸಿಲ್ಲ. ಹರಳು ಕಟ್ಟುವುದನ್ನು ತಡೆಯಲು ಆಂಟಿಸ್ಕೇಲೆಂಟ್ ಅನ್ನುವ ಔಷಧಿ ಹಾಕುತ್ತಾರೆ. ಅದು ಹರಳನ್ನು ಕರಗಿಸುವುದಿಲ್ಲ, ಹುಟ್ಟುವುದನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೆ. ನೀರು ಪ್ಲಾಂಟ್ ದಾಟಿ ಹೋಗುವ ತನಕ ಮುಂದಕ್ಕೆ ಹಾಕಿದರೆ ಸಾಕು ಅನ್ನುವುದು ಅದರ ಹಿಂದಿನ ಯೋಚನೆ.

ಆ ಯೋಚನೆ ಕೈಕೊಟ್ಟಾಗ ಏನಾಗುತ್ತೆ ಅನ್ನುವುದನ್ನು ವರ್ಕ್‌ಶಾಪ್‌ನಲ್ಲಿ ಕಣ್ಣಾರೆ ನೋಡಬಹುದು. ಕೆಟ್ಟುಹೋದ ಎಂಟಿಂಚಿನ ಮೆಂಬ್ರೇನ್‌ಗಳನ್ನು ನಮ್ಮಲ್ಲಿಗೆ ಕಳಿಸುತ್ತಾರೆ, ನಾವು ಕೊಯ್ದು ನೋಡುತ್ತೇವೆ. ನಲವತ್ತು ಇಂಚು ಉದ್ದದ ಒಂದೊಂದರಲ್ಲೂ ಸುಮಾರು 37 ಚದರ ಮೀಟರ್ ಹಾಳೆ ಸುತ್ತಿರುತ್ತದೆ. ಗ್ರೈಂಡರ್ ಹಿಡಿದು ಹೊರಗಿನ ಫೈಬರ್‌ಗ್ಲಾಸ್ ಕವಚ ಸೀಳಿ, ಟಾರ್ಪಾಲಿನ್ ಮೇಲೆ ಬಿಚ್ಚಿ ಹರಡಬೇಕು. ಸಾಲಿನ ಮೊದಲ ಮೆಂಬ್ರೇನ್ ಬಿಚ್ಚಿದರೆ ಕಂದು ಲೋಳೆ, ಬೆರಳಿಗೆ ಹತ್ತುತ್ತದೆ, ಅದು ಕಬ್ಬಿಣ. ಕೊನೆಯದನ್ನು ಬಿಚ್ಚಿದರೆ ಲೋಳೆ ಇಲ್ಲ, ಅಂಗೈ ಸವರಿದರೆ ಮರಳು ಕಾಗದದ ಒರಟು. ಎರಡು ಹಾಳೆಗಳ ನಡುವೆ ಮಿಲಿಮೀಟರಿಗಿಂತ ತೆಳ್ಳನೆಯ ಪ್ಲಾಸ್ಟಿಕ್ ಬಲೆ ಇರುತ್ತದೆ, ಸ್ಪೇಸರ್. ಭೂತಗನ್ನಡಿ ಹಿಡಿದರೆ ಆ ಬಲೆಯ ಎಳೆಗಳು ಒಂದನ್ನೊಂದು ದಾಟುವ ಕಡೆ, ನೀರಿನ ಓಟ ನಿಧಾನವಾಗುವ ಆ ಹಿಂಬದಿಯ ಮೂಲೆಯಲ್ಲಿ, ಬಿಳಿ ಸೂಜಿ ಹರಳುಗಳು ಗೊಂಚಲಾಗಿ ನಿಂತಿರುತ್ತವೆ. ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತೇವೆ. ಬುರುಗು ಬಂದರೆ ಸುಣ್ಣದ ಕಾರ್ಬನೇಟ್. ಇದು ಬುರುಗಲಿಲ್ಲ. ಉಗುರಿನಿಂದ ಕೆರೆದರೆ ಪುಡಿಯಾಯಿತು. ಜಿಪ್ಸಂ.

ಆ ದಿನ ಹುಡುಗ ಲ್ಯಾಪ್‌ಟಾಪ್ ಕೆಳಗೆ ತಂದು ಟಾರ್ಪಾಲಿನ್ ಪಕ್ಕದಲ್ಲಿಟ್ಟ. ಅವನು ಬರೆದ ಪ್ರೋಗ್ರಾಂ ಒಂದು ಕೊಳವೆಯಲ್ಲಿರುವ ಆರು ಮೆಂಬ್ರೇನ್‌ಗಳನ್ನು ಒಂದರ ಹಿಂದೆ ಒಂದು ಲೆಕ್ಕ ಹಾಕುತ್ತದೆ: ಮೊದಲನೆಯದರಿಂದ ಹೊರಬಿದ್ದ ಗಟ್ಟಿ ನೀರು ಎರಡನೆಯದಕ್ಕೆ ಆಹಾರ, ಹೀಗೆ. ಐದನೆಯದರ ನಡುವಿನಿಂದ ಆಚೆಗೆ, ಹರಳು ಕಟ್ಟುತ್ತದೆ ಅನ್ನುವ ಕೆಂಪು ಬಣ್ಣ ತೋರಿಸುತ್ತಿತ್ತು. ಟಾರ್ಪಾಲಿನ್ ಮೇಲೆ ಹರಳು ಶುರುವಾದದ್ದೂ ಹೆಚ್ಚುಕಮ್ಮಿ ಅಲ್ಲಿಂದಲೇ. ಅವನ ಮುಖ ನೋಡಬೇಕಿತ್ತು. ಪರದೆಯ ಮೇಲಿನ ಬಣ್ಣ ಬೆರಳಿಗೆ ಸಿಕ್ಕ ಸಂತೋಷ ಅದು, ನನಗೂ ಅಷ್ಟೇ ಆಯಿತು.

ಮೆಂಬ್ರೇನ್ ತಯಾರಕರೇ ಕೊಡುವ ತಂತ್ರಾಂಶಗಳಿವೆ, ಡ್ಯುಪಾಂಟ್‌ನ ವೇವ್, ಹೈಡ್ರಾನಾಟಿಕ್ಸ್‌ನ ಐಎಂಎಸ್‌ಡಿಸೈನ್ ಮುಂತಾದವು. ನಾನು ದಿನಾ ಬಳಸುತ್ತೇನೆ, ಎಷ್ಟು ಕೊಳವೆ, ಎಷ್ಟು ಒತ್ತಡ ಅನ್ನುವುದಕ್ಕೆ ಅವೇ ಸರಿ. ಅವು ತಮ್ಮ ಮೆಂಬ್ರೇನ್ ಒಳಗಿನ ಲೆಕ್ಕಕ್ಕೆ ಕಟ್ಟಿದವು, ಅದನ್ನು ಚೆನ್ನಾಗಿ ಮಾಡುತ್ತವೆ. ನೀರಿನ ರಸಾಯನಕ್ಕೆ ನನಗೆ ಬೇಕಾದದ್ದು ಫ್ರೀಕ್ಯೂಸಿ, ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಉಚಿತ ತಂತ್ರಾಂಶ. ನೋಡಲು ಹಳೆಯ ಕಾಲದ್ದು, ಬರೀ ಅಕ್ಷರದ ಫೈಲ್ ಕೊಡಬೇಕು, ಆದರೆ ಯಾವ ಖನಿಜ ಯಾವಾಗ ಹರಳಾಗುತ್ತೆ ಅನ್ನುವುದನ್ನು ಅದರಷ್ಟು ನಂಬಿಕೆಯಿಂದ ಹೇಳುವ ಇನ್ನೊಂದನ್ನು ನಾನು ಕಂಡಿಲ್ಲ. ಪ್ಲಾಂಟ್ ಪೂರ್ತಿ ಒಂದೇ ನಕ್ಷೆಯಲ್ಲಿ ಹಿಡಿಯಲು ವಾಟರ್‌ಟ್ಯಾಪ್ ಇದೆ, ಅದೂ ಮುಕ್ತ, ಪೈಥಾನ್‌ನಲ್ಲಿದೆ, ಖರ್ಚಿನ ಲೆಕ್ಕವನ್ನೂ ಜೊತೆಗೇ ಮಾಡುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಇದನ್ನು ಓದುತ್ತಿದ್ದರೆ ಈ ಎರಡನ್ನೂ ಕಲಿಯಿರಿ, ದುಡ್ಡು ಕೊಡಬೇಕಿಲ್ಲ. ಯಂತ್ರಕಲಿಕೆಯಿಂದ ಫೌಲಿಂಗ್, ಅಂದರೆ ಪೊರೆ ಕಟ್ಟಿಕೊಳ್ಳುವುದನ್ನು ಊಹಿಸುವ ಪ್ರಬಂಧಗಳು ಈಗ ಬೇಕಾದಷ್ಟು ಬರುತ್ತಿವೆ. ಒಂದೇ ಪ್ಲಾಂಟಿನ ಹಲವು ವರ್ಷದ ದಾಖಲೆ ಇದ್ದರೆ ಉಪಯೋಗವಿದೆ, ಇನ್ನೂ ಕಟ್ಟದ ಪ್ಲಾಂಟಿಗೆ ನನ್ನ ಮಟ್ಟಿಗೆ ಇಲ್ಲ.

ಸುಣ್ಣ ಹಾಕದೆ ಹುಳಿ ನೀರನ್ನೇ ನ್ಯಾನೋಫಿಲ್ಟರ್‌ಗೆ ಬಿಡೋಣ ಅನ್ನುವವರೂ ಇದ್ದಾರೆ. ಆರ್‌ಒಗಿಂತ ಸ್ವಲ್ಪ ಸಡಿಲವಾದ ಪೊರೆ ಅದು, ಅಲ್ಲಿ ಲೆಕ್ಕ ಇನ್ನಷ್ಟು ಸೂಕ್ಷ್ಮ. ನ್ಯಾನೋಫಿಲ್ಟರ್ ಪೊರೆ ರಂಧ್ರದ ಅಳತೆಯಿಂದ ಎಷ್ಟು ತಡೆಯುತ್ತದೋ ತನ್ನ ಮೈಯ ವಿದ್ಯುದಾವೇಶದಿಂದಲೂ ಅಷ್ಟೇ ತಡೆಯುತ್ತದೆ. ಸಾಮಾನ್ಯ ನೀರಿನಲ್ಲಿ ಅದರ ಮೈ ಋಣ, ಎರಡು ಋಣವಿರುವ ಸಲ್ಫೇಟನ್ನು ಚೆನ್ನಾಗಿ ಹಿಂದಕ್ಕೆ ತಳ್ಳುತ್ತದೆ. ಪಿಎಚ್ 2ರ ಹತ್ತಿರಕ್ಕೆ ಇಳಿದರೆ ಎರಡೂ ಬದಲಾಗುತ್ತವೆ: ಪೊರೆಯ ಮೈ ಧನವಾಗುತ್ತದೆ, ಸಲ್ಫೇಟಿನ ಅರ್ಧದಷ್ಟು ಒಂದೇ ಋಣದ ಬೈಸಲ್ಫೇಟ್ ಆಗಿ ದಾಟಿಹೋಗುತ್ತದೆ. ಲೋಹಗಳು ಈಚೆ ಉಳಿದು ಆಮ್ಲ ಆಚೆ ಹೋಗುತ್ತದೆ. ಆಮ್ಲವನ್ನೂ ಲೋಹವನ್ನೂ ಬೇರೆ ಮಾಡಿ ಎರಡನ್ನೂ ಬಳಸಬೇಕು ಅನ್ನುವವರಿಗೆ ಇದು ವರ. ಸಲ್ಫೇಟ್ ತೆಗೆಯಬೇಕು ಅನ್ನುವವರಿಗೆ ಇದೇ ಪೊರೆ ಆ ಹುಳಿಯಲ್ಲಿ ಕೆಲಸಕ್ಕೆ ಬಾರದು. ಪಿಎಚ್ 7ರಲ್ಲಿ ಅಳೆದ ಅಂಕಿಯನ್ನು ಪಿಎಚ್ 2ರ ಮಾಡೆಲ್‌ಗೆ ಹಾಕುವ ಹಾಗಿಲ್ಲ, ಬೆಂಚ್ ಮೇಲೆ ಅದೇ ಹುಳಿಯಲ್ಲಿ ಅಳೆಯಬೇಕು.

ಈಗ ಆ ಹದಿನೈದು ಲೀಟರ್. ಬೆಂಗಳೂರಿನ ಬೀದಿಬೀದಿಯಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಆ ಘಟಕದ ಹಿಂದೆ ಹೋಗಿ ನೋಡಿ, ಒಂದು ಸಣ್ಣ ಪೈಪಿನಿಂದ ರಿಜೆಕ್ಟ್ ನೀರು, ಅಂದರೆ ಪೊರೆ ದಾಟದೆ ಮಿಕ್ಕ ನೀರು, ಮೋರಿಗೆ ಬೀಳುತ್ತಿರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಅಷ್ಟೂ ಅದರಲ್ಲಿದೆ. ಮೆಂಬ್ರೇನ್ ಒಂದು ಗ್ರಾಂ ಉಪ್ಪನ್ನೂ ಇಲ್ಲವಾಗಿಸುವುದಿಲ್ಲ, ಈ ಪೈಪಿನಿಂದ ಆ ಪೈಪಿಗೆ ಸರಿಸುತ್ತದೆ. ಗಣಿಯಲ್ಲಿ ಆ ಪೈಪ್ ಹಳ್ಳಕ್ಕೆ ಬಿದ್ದರೆ, ಕೆಳಗಿನ ಊರಿನವರ ಪಾಲಿಗೆ ಮೊದಲಿದ್ದ ನೀರಿಗಿಂತ ಗಟ್ಟಿಯಾದ ನೀರು ಬರುತ್ತದೆ. ಕೊಳ ತೋಡಿ ಬಿಸಿಲಿಗೆ ಒಣಗಿಸುತ್ತೇವೆ ಅನ್ನುತ್ತಾರೆ. ಮಳೆಗಾಲದಲ್ಲಿ ಆ ಕೊಳ ಏನಾಗುತ್ತೆ ಅಂತ ನಾನು ಕೇಳಿದಾಗಲೆಲ್ಲ ಕೋಣೆಯಲ್ಲಿ ಮಾತು ನಿಂತುಹೋಗುತ್ತದೆ.

ಮಾಡೆಲ್‌ನ ಗಡಿಯನ್ನು ಪೊರೆಯ ಹತ್ತಿರ ಎಳೆದರೆ ಆಂಟಿಸ್ಕೇಲೆಂಟ್ ಒಳ್ಳೆಯ ಮದ್ದು. ಗಡಿಯನ್ನು ರಿಜೆಕ್ಟ್ ತೊಟ್ಟಿಯವರೆಗೆ ಚಾಚಿದರೆ ಅದೇ ಮದ್ದು ತೊಂದರೆಯಾಗುತ್ತದೆ, ಯಾಕೆಂದರೆ ತೊಟ್ಟಿಯಲ್ಲಿ ಜಿಪ್ಸಂ ಬೇಗ ಹರಳಾಗಿ ಕೆಳಗಿಳಿಯಲಿ ಅಂತ ನಾವು ಕಾಯುತ್ತಿರುವಾಗ ಅದು ಅಲ್ಲೂ ತಡೆಯುತ್ತಲೇ ಇರುತ್ತದೆ. ಪೊರೆಯೊಳಗೆ ಎಷ್ಟು ಕಡಿಮೆ ಹಾಕಿ ಪಾರಾಗಬಹುದು, ತೊಟ್ಟಿಯಲ್ಲಿ ಹಳೆಯ ಹರಳನ್ನೇ ಬೀಜವಾಗಿ ಹಾಕಿ ಅದರ ಪ್ರಭಾವವನ್ನು ಹೇಗೆ ಮೀರಬಹುದು, ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಉತ್ತರ ಸಿಗುತ್ತದೆ. ಪ್ಲಾಂಟಿನ ಎರಡು ಭಾಗವನ್ನು ಎರಡು ಕಂಪನಿಗಳು ಬೇರೆಬೇರೆಯಾಗಿ ವಿನ್ಯಾಸ ಮಾಡಿದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಟ್ಟಿಗೆ ನೋಡಿ ಕಟ್ಟಿದವರಿದ್ದಾರೆ. ದಕ್ಷಿಣ ಆಫ್ರಿಕಾದ ಎಮಲಾಹ್ಲೇನಿ, ಹಿಂದೆ ವಿಟ್‌ಬ್ಯಾಂಕ್ ಅನ್ನುತ್ತಿದ್ದ ಕಲ್ಲಿದ್ದಲಿನ ಊರು. ಅಲ್ಲಿ 2007ರಲ್ಲಿ ಶುರುವಾದ ಪ್ಲಾಂಟ್ ಸುತ್ತಲಿನ ಗಣಿಗಳ ನೀರನ್ನು ಕುಡಿಯುವ ನೀರು ಮಾಡಿ ನಗರಸಭೆಗೆ ಕೊಡುತ್ತದೆ. ಮೊದಲಿಗೆ ದಿನಕ್ಕೆ 2.5 ಕೋಟಿ ಲೀಟರ್, ಆಮೇಲೆ ಅದರ ಎರಡರಷ್ಟು. ಅವರ ರಿಕವರಿ 99 ಶೇಕಡ ದಾಟುತ್ತದೆ. ಅದು ಮೆಂಬ್ರೇನ್ ಹೆಚ್ಚುಗಾರಿಕೆಯಿಂದ ಬಂದದ್ದಲ್ಲ. ಒಂದು ಸುತ್ತು ಆರ್‌ಒ ಆದ ಮೇಲೆ ಗಟ್ಟಿ ನೀರನ್ನು ಹೊರಗೆ ತೆಗೆದು, ರಿಯಾಕ್ಟರ್‌ನಲ್ಲಿ ಜಿಪ್ಸಂ ಹರಳಾಗಿ ಇಳಿಯಲು ಬಿಟ್ಟು, ಸಲ್ಫೇಟ್ ಕಳೆದುಕೊಂಡು ಹಗುರಾದ ನೀರನ್ನು ಮತ್ತೆ ಆರ್‌ಒಗೆ ಬಿಡುತ್ತಾರೆ, ಆಮೇಲೆ ಇನ್ನೊಮ್ಮೆ. ಉಪ್ಪು ಹೊರಗೆ ಹೋಗುವ ಬಾಗಿಲು ರಿಜೆಕ್ಟ್ ಪೈಪ್ ಅಲ್ಲ, ಜಿಪ್ಸಂ. ಆ ಜಿಪ್ಸಂನಿಂದ ಮನೆಗಳನ್ನೂ ಕಟ್ಟಿದ್ದಾರೆ.

ನಮ್ಮ ಉದಾಹರಣೆಯ ನೀರನ್ನು ದಿನಕ್ಕೆ ಹತ್ತು ಲಕ್ಷ ಲೀಟರ್ ಈ ದಾರಿಯಲ್ಲಿ ನಡೆಸಿದರೆ ಏನಾಗುತ್ತದೆ ನೋಡಿ. ಒಳಗೆ ಬರುವ ಸಲ್ಫೇಟ್ ದಿನಕ್ಕೆ ಎರಡು ಟನ್. ನೀರಿನಲ್ಲಿರುವ ಕ್ಯಾಲ್ಸಿಯಂ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಹಿಡಿಯಬಲ್ಲದು. ಉಳಿದದ್ದಕ್ಕೆ ಸುಣ್ಣ ಬೇಕು, ಮೆಗ್ನೀಸಿಯಂ ಜಾಗಕ್ಕೆ ಕ್ಯಾಲ್ಸಿಯಂ ಬರಬೇಕು, ಸುಮಾರು 580 ಕಿಲೋ. ಹೊರಗೆ ಬರುವ ಜಿಪ್ಸಂ ಹತ್ತಿರ ಹತ್ತಿರ ಮೂರೂವರೆ ಟನ್, ಜೊತೆಗೆ 450 ಕಿಲೋ ಮೆಗ್ನೀಸಿಯಂ ಹೈಡ್ರಾಕ್ಸೈಡ್. ಸೋಡಿಯಂ ಯಾವುದರ ಜೊತೆಗೂ ಹರಳಾಗುವುದಿಲ್ಲ, ಅದು ಕೊನೆಯ ಸ್ವಲ್ಪ ನೀರಿನಲ್ಲಿ ಸುತ್ತುತ್ತಲೇ ಇರುತ್ತದೆ, ಅದಕ್ಕೊಂದು ದಾರಿ ಮಾಡಲೇಬೇಕು. ಒಂದು ಪುಟದಲ್ಲಿ ಹಿಡಿಸುವ ಲೆಕ್ಕ. ಇದನ್ನು ಟೆಂಡರ್‌ನ ಮೊದಲ ಪುಟದಲ್ಲೇ ಕೇಳಬೇಕು ಅನ್ನುವುದು ನನ್ನ ವಾದ: ಒಳಗೆ ಬಂದ ಪ್ರತಿ ಕಿಲೋ ಸಲ್ಫೇಟ್ ಎಲ್ಲಿ, ಯಾವ ರೂಪದಲ್ಲಿ, ಯಾರ ಜಾಗದಲ್ಲಿ ಕೊನೆಗೊಳ್ಳುತ್ತದೆ.

ಗಡಿಯನ್ನು ಕಾಲದಲ್ಲೂ ಚಾಚಬೇಕು. ಗಣಿ ನಡೆಯುತ್ತಿರುವಾಗ ನೀರನ್ನು ಪಂಪ್ ಮಾಡುತ್ತಲೇ ಇರುತ್ತಾರೆ. ಗಣಿ ನಿಂತ ದಿನ ಪಂಪೂ ನಿಲ್ಲುತ್ತದೆ, ನೀರು ಏರತೊಡಗುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಿತು, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಜೊಹಾನ್ಸ್‌ಬರ್ಗ್ ಪಶ್ಚಿಮಕ್ಕೆ ಕ್ರೂಗರ್ಸ್‌ಡಾರ್ಪ್ ಬಳಿ ಹೀಗೇ ಏರಿದ ಹುಳಿ ನೀರು 2002ರಲ್ಲಿ ನೆಲದ ಮೇಲಕ್ಕೇ ಉಕ್ಕಿ ಹರಿಯಿತು. ಸುರಂಗದ ಗೋಡೆಗಳ ಮೇಲೆ ವರ್ಷಾನುಗಟ್ಟಲೆ ಒಣಗಿ ನಿಂತ ಸಲ್ಫೇಟ್ ಉಪ್ಪು ನೀರು ಏರುವಾಗ ಒಮ್ಮೆಗೇ ಕರಗುತ್ತದೆ. ಆದ್ದರಿಂದ ಮೊದಲ ವರ್ಷಗಳ ನೀರು ಅತಿ ಕೆಟ್ಟದ್ದು, ಆಮೇಲೆ ದಶಕಗಳ ಕಾಲ ನಿಧಾನಕ್ಕೆ ಇಳಿಯುತ್ತದೆ. ಒಂದು ಮೆಂಬ್ರೇನ್ ಬಾಳುವುದು ಐದಾರು ವರ್ಷ. ಇವತ್ತಿನ ಒಂದು ಬಾಟಲಿ ನೀರಿನ ವರದಿ ಹಿಡಿದು ಕಟ್ಟಿದ ಪ್ಲಾಂಟ್ ಆ ದಶಕಗಳನ್ನು ಹೊರಲಾರದು. ಕನಿಷ್ಠ ಒಂದು ಪೂರ್ತಿ ವರ್ಷ, ಬೇಸಿಗೆಯ ಮತ್ತು ಮಳೆಗಾಲದ ನೀರು ಎರಡನ್ನೂ ಅಳೆದುಕೊಟ್ಟ ಮೇಲೆಯೇ ನಾನು ಈಗ ರಿಕವರಿ ಅಂಕಿ ಬರೆದುಕೊಡುವುದು. ಇದರಿಂದ ಕೆಲವು ಕೆಲಸಗಳು ಕೈತಪ್ಪಿವೆ, ಹಾಗಂತ ಬರೆಯದೆ ಇರಲಾರೆ.

ಇತ್ತೀಚೆಗೆ ಒಬ್ಬರು ಗ್ರಾಹಕರ ಮುಂದೆ ಸಲ್ಫೇಟಿನ ಆ ಒಂದು ಪುಟದ ಲೆಕ್ಕ ಇಟ್ಟೆ. ಅವರು ರಿಕವರಿ ಸಾಲು ಬಿಟ್ಟು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು: "ಮೂರೂವರೆ ಟನ್ ಜಿಪ್ಸಂ ದಿನಾ ಬರುತ್ತೆ ಅಂತೀರಿ, ತಗೊಳ್ಳೋರು ಯಾರು ಮೇಡಂ?" ಸರಿಯಾದ ಪ್ರಶ್ನೆ. ಸಿಮೆಂಟ್ ಬೇಗ ಗಟ್ಟಿಯಾಗದಿರಲಿ ಅಂತ ಕ್ಲಿಂಕರ್, ಅಂದರೆ ಸುಟ್ಟ ಸಿಮೆಂಟ್ ಗಟ್ಟಿಗಳ ಜೊತೆ ಶೇಕಡ ಮೂರರಿಂದ ಐದರಷ್ಟು ಜಿಪ್ಸಂ ಅರೆಯುತ್ತಾರೆ, ಕಲಬುರಗಿ ಜಿಲ್ಲೆಯಲ್ಲಿ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ಆದರೆ ಮೆಗ್ನೀಸಿಯಂ ಬೆರೆತ ಜಿಪ್ಸಂ ಅವರಿಗೆ ಬೇಡ. ಹಾಗಾದರೆ ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಳಿಸುವಂತಿಲ್ಲ. ಪಿಎಚ್ ಏರಿಸದೆ, ಬೀಜದ ಹರಳು ಹಾಕಿ, ಮೊದಲು ಇಳಿಯುವಷ್ಟು ಜಿಪ್ಸಂ ಮಾತ್ರ ಇಳಿಸಿಕೊಳ್ಳಬೇಕು, ಸುಣ್ಣ ಹಾಕಿ ಮೆಗ್ನೀಸಿಯಂ ತೆಗೆಯುವುದು ಎರಡನೆಯ ತೊಟ್ಟಿಯಲ್ಲಿ. ಮೊದಲ ತೊಟ್ಟಿಯ ಜಿಪ್ಸಂ ಎಷ್ಟು ಶುದ್ಧ ಬರುತ್ತೆ, ಎರಡನೆಯದರ ಮಿಶ್ರಣಕ್ಕೆ ಇಟ್ಟಿಗೆಯವರು ಒಪ್ಪುತ್ತಾರಾ ಅಂತ ಈಗ ಫ್ರೀಕ್ಯೂಸಿಯಲ್ಲಿ ನೋಡುತ್ತಿದ್ದೇವೆ. ಹುಡುಗ ಮುಂದಿನ ವಾರ ಊರಿಗೆ ಹೋಗುವಾಗ ದಾರಿ ಬದಲಿಸಿ ಸೇಡಂಗೆ ಹೋಗಿ, ಅಲ್ಲಿನ ಲ್ಯಾಬ್‌ನವರು ಜಿಪ್ಸಂ ಕೊಳ್ಳುವ ಮೊದಲು ಏನೇನು ಪರೀಕ್ಷೆ ಮಾಡುತ್ತಾರೆ ಅಂತ ಕೇಳಿಕೊಂಡು ಬರುತ್ತಾನೆ.